ನಾಯಿಗೆ ದೃಷ್ಟಿ ತೆಗೆದ ದಿನ

ತವರು ನೆನಪಾದರೆ ನನಗೆ ಮೊದಲು ಬೇಕೆನಿಸುವುದು ಆ ಕೆಂಚು ನಾಯಿ. ಮೊದಲ ಹೆರಿಗೆಗೆಂದು ಮಾದನಹಿಪ್ಪರಗಾಕ್ಕೆ ಬಂದಿದ್ದೆ. ಎಂಬತ್ತರ ದಶಕ. ಮಗಳಿಗೆ ಐದು ತಿಂಗಳು ತುಂಬಿತ್ತು. ನನ್ನನ್ನು ತೊಟ್ಟಿಲು ಸಮೇತ ಗಂಡನ ಮನೆಗೆ ಕಳಿಸಲು ಎರಡೇ ದಿನ ಉಳಿದಿತ್ತು. ಅಷ್ಟರಲ್ಲಿ ತೊಗರಿ ರಾಶಿಯ ಕಣದಿಂದ ಬಂದ ನಾಯಿ ಎಡಗಣ್ಣು ಮುಚ್ಚಿಕೊಂಡು ಮುಂಗಾಲಿನಿಂದ ಉಜ್ಜತೊಡಗಿತು. ನೀರು ಒಂದೇ ಸಮ ಸುರಿಯುತ್ತಿತ್ತು.

ಅವ್ವನಿಗೆ ಕಾರಣ ಆಗಲೇ ಸಿಕ್ಕಿತ್ತು. ನನ್ನನ್ನು ಕರೆದೊಯ್ಯುವ ದಿನ ಗೊತ್ತು ಮಾಡಲು ಬಂದಿದ್ದ ಅತ್ತೆ, "ಏನ್ ಚಂದ ಕಣ್ಣವ ಈ ನಾಯಿವು!" ಎಂದು ಹೋಗಿದ್ದರು. ಬೀಗತಿಯ ಹೊಗಳಿಕೆ, ಸುಮ್ಮನೆ ಹೋದೀತೇ?

"ನಿಮ್ಮತ್ತೀದಽ ದೃಷ್ಟಿ ಬೇ," ಎಂದು ಅವ್ವ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ನಾಯಿಯ ಮುಂದೆಯೇ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ತಾಗಿದ್ದು ಖರೆ ಎಂದು ನಂಬಿಕೆ. ನಾವೆಲ್ಲ ಕೆಮ್ಮಿ ಸುಸ್ತಾದರೂ ಅವ್ವ ಮೂಗಿಗೆ ಸೆರಗು ಹಿಡಿದು, "ಎಲ್ಲಿ ಅದ ಘಾಟು?" ಎಂದಳು. ನಾನು ನಕ್ಕೆ. ಅತ್ತೆಯ ಮೇಲೆ ನನಗೂ ಸಿಟ್ಟಿತ್ತು. ನಾಯಿ ಓಡದಂತೆ ಅದನ್ನು ಹೊಗೆಯಲ್ಲಿ ಹಿಡಿದುಕೊಂಡು ಕೂತವಳು ನಾನೇ. ಬೇರೆ ಯಾರೇ ಹಿಡಿದಿದ್ದರೂ ಅದು ನಿಲ್ಲುತ್ತಿರಲಿಲ್ಲ.

ಸಂಜೆ ಅಪ್ಪ ಹೊಲದಿಂದ ಬಂದು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಕಾಯಿಸಿ ಆರಿಸಿದ ನೀರು ಹನಿಸುತ್ತ ರೆಪ್ಪೆ ಬಿಡಿಸಿದ. ತೊಗರಿ ಹೊಟ್ಟಿನ ಒಂದು ಚೂರು ಹೊರಬಂತು.

"ಇಷ್ಟಽ ಇತ್ತಲ್ಲ. ಹೊಗಿ ಯಾಕ ಹಾಕಿದ್ರಿ?"

ಚೂರು ಹೋದರೂ ನಾಯಿ ಆ ಕಣ್ಣು ತೆರೆಯಲಿಲ್ಲ. ಮರುದಿನ ಅಪ್ಪ ಬಸ್ಸಿನಲ್ಲಿ ಆಳಂದಕ್ಕೆ ಹೋಗಿ ದನದ ದವಾಖಾನೆಯಿಂದ ಮುಲಾಮು ತಂದ. ಕಣ್ಣು ಉಳಿಯುವುದೋ ಇಲ್ಲವೋ ಎಂಟು ದಿನ ನೋಡಬೇಕು ಎಂದರಂತೆ ಡಾಕ್ಟರು. ನನಗೆ ಎಂಟು ದಿನ ಇರಲಿಲ್ಲ.

ನೆಲೋಗಿಯ ಗಂಡನ ಮನೆಯಿಂದ ಬರೆದ ಪ್ರತಿ ಕಾಗದದಲ್ಲೂ ನಾಯಿಯ ಕಣ್ಣು ಹೇಗಿದೆ ಎಂದು ಕೇಳಿದೆ. "ಎಲ್ಲಾರೂ ಆರಾಮ ಇದ್ದೇವಿ" ಎಂದಷ್ಟೇ ಉತ್ತರ ಬರುತ್ತಿತ್ತು.

ಪಂಚಮಿಗೆ ತವರಿಗೆ ಹೋದಾಗ ನೋಡಿದೆ. ಕಣ್ಣಲ್ಲಿ ಹೂ ಬಿದ್ದು ಬೆಳ್ಳಗಾಗಿತ್ತು. ನಾನು ಎಡಗಡೆಯಿಂದ ಬಂದದ್ದು ಅದಕ್ಕೆ ಕಾಣಲಿಲ್ಲ. ವಾಸನೆ ಹಿಡಿದು ತಟ್ಟನೆ ತಿರುಗಿ, ಕುಂಯ್‌ಗುಡುತ್ತ ಬಂದು, ಅದೇ ಕಣ್ಣನ್ನು ನನ್ನ ಅಂಗೈಗೆ ಒತ್ತಿಕೊಂಡಿತು. ಒಂದು ಸಲವಾದರೂ ನನ್ನ ಮೇಲೆ ಗುರ್ ಎಂದಿದ್ದರೆ ಇಷ್ಟು ವರ್ಷ ಅದಕ್ಕಾಗಿ ಹಂಬಲಿಸುತ್ತಿರಲಿಲ್ಲವೇನೋ.