ಹೊತ್ತು ಮುಳುಗಿದ ಮೇಲಿನ ಗುಳಿಗೆ

ನಾವು ಜೈನರು. ಅವ್ವ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಗೋಕಾಕದ ಡಾಕ್ಟರು ಕೊಟ್ಟ ರಾತ್ರಿಯ ಗುಳಿಗೆ ಅವಳಿಗೆ ದೊಡ್ಡ ಪೀಡೆ. ಅಷ್ಟರಲ್ಲಿ ಟೀವಿಯ ಹೆಸರುವಾಸಿ ಡಾಕ್ಟರನೊಬ್ಬ ತನ್ನ ಪುಡಿಯ ಡಬ್ಬಿ ಎತ್ತಿ ಹಿಡಿದು, ಮುಂಜಾನೆ ಒಂದು ಚಮಚ ಸಾಕು, ಗುಳಿಗೆ ಬೇಡ ಅಂದ.

"ಇಂವಾ ನೋಡು, ನಮ್ಮ ಧರ್ಮ ತಿಳದಾಂವ," ಅಂದಳು ಅವ್ವ. ನಾನು ಎಷ್ಟು ಒದರಾಡಿದರೂ ಕೇಳದೆ ಗುಳಿಗೆ ಬಿಟ್ಟು ಪುಡಿ ಹಿಡಿದಳು.

ಮುಂದೆ ಸಕ್ಕರೆ ಏರಿ ಕಾಲು ಮರಗಟ್ಟಿ, ಹಿತ್ತಲಲ್ಲಿ ಜಾಲಿಮುಳ್ಳು ಪಾದದಲ್ಲಿ ಮುರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕಾಲು ಕೊಳೆತು ಬೆರಳು ತೆಗೆದರು. ನಮ್ಮೂರು ಕುಲಗೋಡದವರೆಲ್ಲ ಟೀವಿಯವನನ್ನು ಬೈದರು. ಅವ್ವ ಬೈಯಲಿಲ್ಲ, ಅಳಲೂ ಇಲ್ಲ.

ಗೋಕಾಕದ ಡಾಕ್ಟರು ಈ ಸಲ ಮುಂಜಾನೆಯ ಗುಳಿಗೆಯನ್ನೇ ಕೊಟ್ಟರು. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಇವರೂ ಆ ಟೀವಿಯಾಂವನಂಗ ಡಾಕ್ಟರ ಅಲ್ಲೇನು?" ಅಂದು ನನಗೇ ವಾಪಸ್ ಕೊಟ್ಟಳು.