ಏಳು ಒಂದುಗಳನ್ನು ಅಳಿಸದ ಟೀಚರು

ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಈ ಒಂದು ಸಂಖ್ಯೆಗೆ ನಮ್ಮ ಟೀಚರು ತೆತ್ತ ಬೆಲೆ ತಮ್ಮ ನೌಕರಿ. ಅಳಿಸಿ ಎಂದಾಗ ಅಳಿಸಲಿಲ್ಲ, ಅಷ್ಟೇ ಕಾರಣ. ಗೋಡಂಬಿ ವ್ಯಾಪಾರದಲ್ಲಿ ನಾನು ಎಂತೆಂಥವರ ಹತ್ತಿರವೋ ಚೌಕಾಸಿ ಮಾಡಿದ್ದೇನೆ; ಹೇಳಿದ ಮಾತಿನಿಂದ ಇಷ್ಟೂ ಇಳಿಯದವರನ್ನು ಮತ್ತೆ ಕಂಡಿಲ್ಲ.

ಅವರ ಬಲಗೈಯ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಯಾವಾಗಲೂ ಸುಣ್ಣ ಬಳಿದಂತೆ ಬೆಳ್ಳಗಿರುತ್ತಿತ್ತು. ತಪ್ಪು ಅಂಕಿಯನ್ನು ಅದರಿಂದಲೇ ಒರೆಸುವುದು ಅವರ ರೂಢಿ. ಭಾನುವಾರ ಇಗರ್ಜಿಗೆ ಹೊರಟಾಗಲೂ ಆ ಬಿಳುಪು ಹೋಗಿರುತ್ತಿರಲಿಲ್ಲ.

ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾತು. ಅತ್ತಾವರದ ನಮ್ಮ ಹುಡುಗಿಯರ ಶಾಲೆಯಲ್ಲಿ ಲೆಕ್ಕಕ್ಕಿಂತ ಹೊಲಿಗೆಗೆ ಮರ್ಯಾದೆ ಜಾಸ್ತಿ. ಟೀಚರು ಬೋರ್ಡಿನ ಮೇಲೆ ಒಂದುಗಳನ್ನು ಸಾಲಾಗಿ ಬರೆದು, ಶೇಷ ಉಳಿಯದ ಹಾಗೆ ಭಾಗಿಸಿ ಒಡೆಯಲು ನಮಗೆ ಹೇಳುತ್ತಿದ್ದರು. ಮೂರು ಒಂದುಗಳ ಸಂಖ್ಯೆ ಮೂರರಿಂದ ಒಡೆಯಿತು. ನಾಲ್ಕರದ್ದು ಹನ್ನೊಂದರಿಂದ, ಐದರದ್ದು ನಲವತ್ತೊಂದರಿಂದ. ಆರರದ್ದಕ್ಕೆ ಮತ್ತೆ ಮೂರೇ ಸಾಕಾಯಿತು. ಏಳು ಒಂದುಗಳದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಇದು ಒಡೆಯುವುದು ಉಂಟೋ ಇಲ್ಲವೋ, ನನಗೂ ಗೊತ್ತಿಲ್ಲ ಮಕ್ಕಳೇ" ಎಂದರು. ಟೀಚರಿಗೂ ಗೊತ್ತಿಲ್ಲದ್ದು ಇರುತ್ತದೆ ಎಂದು ನಮಗೆ ತಿಳಿದದ್ದೇ ಆಗ.

ಒಬ್ಬೊಬ್ಬಳಿಗೆ ಒಂದೊಂದು ಅವಿಭಾಜ್ಯ ಸಂಖ್ಯೆ ಹಂಚಿದರು. ಅದರಿಂದ ಭಾಗಿಸಿ ಶೇಷ ಹೇಳಬೇಕು. ನನಗೆ 239 ಬಂತು, ಪಕ್ಕದವಳಿಗೆ 7. ಎರಡು ಹೋಳು ಉಪ್ಪು ಮಾವಿನಕಾಯಿ ಕೊಟ್ಟು ಅದಲುಬದಲು ಮಾಡಿಕೊಂಡೆ. ಚಿಟಿಕೆ ಹೊಡೆಯುವಷ್ಟರಲ್ಲಿ ಭಾಗಿಸಿ, ಶೇಷ ಒಂದು ಎಂದು ಹೇಳಿ ಕೂತೆ. ಪಕ್ಕದವಳು ಸ್ಲೇಟಿನ ಮೇಲೆ ಬೆವರು ಸುರಿಸುತ್ತಿದ್ದಳು.

ಅಷ್ಟರಲ್ಲಿ ಶಾಲೆಯ ಮ್ಯಾನೇಜರು ಬಂದರು. ಮರುದಿನ ಇನ್‌ಸ್ಪೆಕ್ಟರರ ಭೇಟಿ. ಬೋರ್ಡು ತೊಳೆದು ಕಸೂತಿ ತೂಗಹಾಕಬೇಕಂತೆ.

"ಹೊಲಿಯುವ ಹುಡುಗಿಯರಿಗೆ ಇದೆಲ್ಲ ಎಂತಕ್ಕೆ ಟೀಚರೇ? ಅಳಿಸಿ."

"ಒಡೆಯುವ ಮೊದಲು ಅಳಿಸುವುದಿಲ್ಲ."

"ಅಳಿಸದಿದ್ದರೆ ನಾಳೆಯಿಂದ ನೀವು ಬರುವುದು ಬೇಡ."

ಆಗಲೇ ಪಕ್ಕದವಳು ಎದ್ದು, ತನ್ನದಕ್ಕೆ ಶೇಷವೇ ಇಲ್ಲ ಎಂದಳು. ಟೀಚರು ಬೋರ್ಡಿನ ಮೇಲೆ ಗುಣಿಸಿ ನೋಡಿದರು: 239ನ್ನು 4649ರಿಂದ ಗುಣಿಸಿದರೆ ಸರಿಯಾಗಿ ಏಳು ಒಂದುಗಳು. ಒಡೆಯಿತಲ್ಲ, ಇನ್ನಾದರೂ ಅಳಿಸಿ ಎಂದರು ಮ್ಯಾನೇಜರು.

"ಒಡೆದದ್ದು ಅವಳು. ಅವಳು ಹೇಳಿದರೆ ಅಳಿಸ್ತೇನೆ."

ನಾನು ಅವಳ ಲಂಗ ಎಳೆದೆ. "ಹೇಳು ಮಾರಾಯ್ತಿ. ಟೀಚರ ಕೆಲಸ ಹೋಗ್ತದೆ."

ಅವಳು ಟೀಚರ ಮುಖ ನೋಡಿದಳು. ಟೀಚರು ತಲೆಯಾಡಿಸಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ.

"ಬೇಡ ಟೀಚರ್. ನಾಳೆ ಇನ್‌ಸ್ಪೆಕ್ಟರರೂ ನೋಡಲಿ."

ಟೀಚರು ಅವಳ ಬೆನ್ನು ತಟ್ಟಿ, ಕೊಡೆ ಎತ್ತಿಕೊಂಡು ಹೊರಟುಹೋದರು. ಕ್ಷಮೆ ಕೇಳಿದರೆ ಸೇರಿಸಿಕೊಳ್ಳುತ್ತೇವೆ ಎಂದು ಶಾಲೆಯವರು ಎರಡು ಸಲ ಹೇಳಿಕಳಿಸಿದರಂತೆ. ಟೀಚರು ಹೋಗಲಿಲ್ಲ. ಮನೆಯ ಜಗಲಿಯಲ್ಲೇ ಪಾಠ ಹೇಳಿದರು. ಯುದ್ಧ ಮುಗಿಯುವ ಮೊದಲೇ ಜ್ವರದಿಂದ ತೀರಿಕೊಂಡರು.

ಮಗಳನ್ನು ಶಾಲೆಗೆ ಸೇರಿಸುವವರು ನನ್ನದೊಂದು ಮಾತು ಕೇಳಿ. ಕಟ್ಟಡ ಆಮೇಲೆ ನೋಡಿ. ತನಗೂ ಉತ್ತರ ಗೊತ್ತಿಲ್ಲದ ಲೆಕ್ಕ ಕೊಡುವ ಟೀಚರು ಅಲ್ಲಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ ಕಣ್ಣು ಮುಚ್ಚಿ ಸೇರಿಸಿ. ಅವರನ್ನು ತೆಗೆಯುವ ಮಾತು ಬಂದ ದಿನ ಅಂಗಡಿ ಬಾಗಿಲು ಹಾಕಿಯಾದರೂ ಸರಿ, ಹೋಗಿ ಮ್ಯಾನೇಜರರ ಮುಂದೆ ನಿಲ್ಲಿ. ಅಂದು ನಮ್ಮಲ್ಲಿ ಯಾರ ಮನೆಯವರೂ ಹೋಗಲಿಲ್ಲ.