ಆಸ್ಪತ್ರೆಯಲ್ಲಿ ಮುಚ್ಚಿಟ್ಟ ಕಾಯಿಲೆ

ಕಂಬಂ ಬಳಿಯ ನಮ್ಮ ದ್ರಾಕ್ಷಿ ತೋಟದಲ್ಲಿ ಚಪ್ಪರ ಕಟ್ಟುವಾಗ ತಮ್ಮ ಬಿದ್ದ. ತೇನಿಯ ಆಸ್ಪತ್ರೆ ತಲುಪುವಷ್ಟರಲ್ಲಿ ಹೊಟ್ಟೆ ಬಿಗಿದಿತ್ತು. ಗುಲ್ಮದ ರಕ್ತನಾಳ ಹರಿದಿದೆ, ಕೊಯ್ಯದೆ ತೊಡೆಯ ನಾಳದೊಳಗಿಂದ ಕೊಳವೆ ಹಾಯಿಸಿ ಮುಚ್ಚುತ್ತೇವೆ ಎಂದರು ವೈದ್ಯರು. ರಕ್ತ ನಿಲ್ಲದ ಕಾಯಿಲೆ ಇದೆಯೇ ಎಂದು ಪಡಸಾಲೆಯಲ್ಲೇ, ಎಲ್ಲರೆದುರು ಕೇಳಿದರು. ಅದು ಮೊದಲ ತಪ್ಪು.

ಕಾಯಿಲೆ ಹುಟ್ಟಿನಿಂದಲೇ ಇತ್ತು. ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶ ಅವನಲ್ಲಿ ಕಡಿಮೆ. ಹಾಗೆಂದು ಬರೆದುಕೊಟ್ಟಿದ್ದ ಆಸ್ಪತ್ರೆ ಚೀಟಿಯನ್ನು ಅಮ್ಮ ಸೀರೆಗಳಡಿ ಅಡಗಿಸಿಟ್ಟಿದ್ದಳು. ತಾಯಿಯ ಕಡೆಯಿಂದ ಹರಿದುಬರುವ ಕಾಯಿಲೆಯೆಂದು ತಿಳಿದರೆ ನಮ್ಮ ಜಾತಿಯವರು ಆ ಮನೆಯಿಂದ ಹೆಣ್ಣು ಒಯ್ಯುವುದಿಲ್ಲ. ತಂಗಿಯನ್ನು ಸೊಸೆಯಾಗಿ ಒಪ್ಪಿದ್ದ ಸೋದರತ್ತೆ ಪಕ್ಕದಲ್ಲೇ ನಿಂತಿದ್ದಳು.

“ಇಲ್ಲೀಂಗ ಸಾರ್, ಒಂದು ವ್ಯಾಧಿಯೂ ಇಲ್ಲ,” ಎಂದಳು ಅಮ್ಮ.

ಅತ್ತೆ ಸ್ಟ್ರೆಚರಿನತ್ತ ಬಾಗಿದಳು. “ಏನೋ ಅಳಿಯಾ, ಮದುವೇಲಿ ಪಂದಲು-ಚಪ್ಪರ ಹಾಕೋ ಕೆಲಸ ತಪ್ಪಿಸ್ಕೊಳ್ಳೋಕೆ ಬಿದ್ಯಾ?” ತಮ್ಮ ನಗಲು ನೋಡಿದ.

ನಾನು ಅಮ್ಮನ ಕೈ ಹಿಡಿದೆ. “ಹೇಳಮ್ಮಾ.”

“ಬಾಯಿ ಮುಚ್ಚೇ. ನಿನ್ನ ತಂಗಚ್ಚಿ ಬಾಳು ಏನಾಗೋದು?”

ಆಸ್ಪತ್ರೆಯಲ್ಲಿ ಹಕ್ಕಿನಿಂದ ಮಾತಾಡಿ ಎಂದು ಊರೂರಿನ ಹೆಂಗಸರಿಗೆ ಬೋಧಿಸುವ ನಾನು ಬಾಯಿ ಮುಚ್ಚಿದೆ.

ರಕ್ತದ ವರದಿಗೆ ಕಾಯುವಷ್ಟು ವ್ಯವಧಾನ ಅವನ ದೇಹಕ್ಕಿರಲಿಲ್ಲ. ಆ ಅವಸರವನ್ನು ನಾನು ದೂರಲಾರೆ. ಹರಿದ ನಾಳವನ್ನು ಅವರು ಮುಚ್ಚಿದರು. ಆದರೆ ತೊಡೆಯಲ್ಲಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲದೆ ಒಳಗೊಳಗೇ ಸೊಂಟದ ಹಿಂದೆ ತುಂಬತೊಡಗಿತು. ವೈದ್ಯರು ಹೊರಬಂದು ಮತ್ತೆ ಕೇಳಿದಾಗ ನಾನು ಹೇಳಿಬಿಟ್ಟೆ. ಅತ್ತೆಗೂ ಕೇಳಿಸಿತು.

“ಮುಂಚೆ ಹೇಳಿದ್ದರೆ ಔಷಧ ಕೊಟ್ಟೇ ಚುಚ್ಚುತ್ತಿದ್ದೆವಲ್ಲಮ್ಮ!” ಎಂದರು ವೈದ್ಯರು. ಆ ಔಷಧವೂ ಅಲ್ಲಿರಲಿಲ್ಲ. ಇಂಥ ಮಕ್ಕಳು ಹುಟ್ಟುತ್ತಲೇ ಇರುವ ಕಣಿವೆಯಲ್ಲಿ ಅದನ್ನಿಡದಿರುವುದು ಆಡಳಿತದ ಅಪರಾಧ. ದಿಂಡುಕ್ಕಲ್‌ನಿಂದ ಅದನ್ನು ಹೊತ್ತು ಕಾರು ಹೊರಟಿತು. ಅಷ್ಟರಲ್ಲಿ ಪ್ಲಾಸ್ಮಾ ಏರಿಸಿದರು, ತೊಡೆಯನ್ನು ಒತ್ತಿಹಿಡಿದರು. ಮಧ್ಯಾಹ್ನ ಔಷಧದ ತಂಪುಪೆಟ್ಟಿಗೆ ಬಾಗಿಲಿಗೆ ಬಂದಾಗ ದಾದಿ ಅವನ ಕೈಯಿಂದ ಸೂಜಿಗಳನ್ನು ತೆಗೆಯುತ್ತಿದ್ದಳು.

ತಮ್ಮನ ಹದಿನಾರನೆಯ ದಿನದ ಉತ್ತರಕ್ರಿಯೆಗೆ ಅತ್ತೆಯ ಮನೆಯಿಂದ ಯಾರೂ ಬರಲಿಲ್ಲ.

ಕಳೆದ ತಿಂಗಳು ಮಾರ್ಕಯನ್‌ಕೋಟ್ಟೈನಿಂದ ತಂಗಿಯನ್ನು ನೋಡಲು ಹೊಸ ಗಂಡಿನ ಕಡೆಯವರು ಬಂದರು. ಮಗ ಹೇಗೆ ಹೋದ ಎಂದು ವಿಚಾರಿಸಿದರು.

“ಬಿದ್ದ ಏಟಿಗೆ,” ಎಂದಳು ಅಮ್ಮ.

ತಂಗಿ ತಲೆ ಎತ್ತಿ ನನ್ನತ್ತ ನೋಡಿದಳು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.